ಒಸರುವುದು ಬುಲೆಟ್ಟಿನ ಗುಣವಲ್ಲ

ಹಳೆಯ ಬುಲೆಟ್ ರಿಪೇರಿ ಮಾಡುವ ಯಾವ ಶೆಡ್ಡಿಗೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಆಯಿಲ್ ಲೀಕ್ ಆಗ್ತಿಲ್ಲ ಅಂದ್ರೆ ಒಳಗೆ ಆಯಿಲ್ಲೇ ಇಲ್ಲ ಅಂತ ಸಾರ್.’ ಗಿರಾಕಿ ನಕ್ಕು ದುಡ್ಡು ಎಣಿಸಿ ಹೊರಡುತ್ತಾನೆ. ಎಂಜಿನ್ ಪೂರ್ತಿ ಬಿಚ್ಚಿ, ಬೋರ್ ಹೊಡೆಸಿ, ಕ್ರೋಮ್ ಹಾಕಿಸಿ, ಟ್ಯಾಂಕಿಗೆ ಚಿನ್ನದ ಗೆರೆ ಎಳೆಸಿದ ಗಾಡಿಯ ಕೆಳಗೆ ರಾತ್ರಿ ರಟ್ಟು ಹಾಸಬೇಕಾದರೆ ಆ ಕೆಲಸ ಮುಗಿದಿಲ್ಲ. ಒಸರುವುದು ಬುಲೆಟ್ಟಿನ ಹುಟ್ಟುಗುಣ ಎಂಬ ನಂಬಿಕೆಯೇ ನಮ್ಮ ಹಳೆ ಬೈಕುಗಳ ಮರುಜೋಡಣೆಯನ್ನು ಕೆಡಿಸಿದೆ.

ವಿನ್ಯಾಸದಲ್ಲಿ ತೊಡಕಿದೆ, ಒಪ್ಪೋಣ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದಾಗ ಇಂಗ್ಲೆಂಡಿನಿಂದ ಬಂದ ಎಂಜಿನ್ ಅದು. ಮೂಲ ರಚನೆ ಹೆಚ್ಚು ಬದಲಾಗದೆ ಅರ್ಧ ಶತಮಾನ ನಡೆಯಿತು. ಅದರ ಚೇಂಬರ್, ಅಂದರೆ ಕ್ರ್ಯಾಂಕ್ ಕೂರುವ ಪೆಟ್ಟಿಗೆ, ಎಡ-ಬಲ ಎರಡು ಹೋಳು. ಅವು ಕೂಡುವ ಗೆರೆ ಎಣ್ಣೆ ನಿಲ್ಲುವ ತಳದಲ್ಲೇ ಹಾದುಹೋಗುತ್ತದೆ. 1969ರಲ್ಲಿ ಬಂದ ಹೋಂಡಾ ಸಿಬಿ 750ರ ಚೇಂಬರ್ ಅಡ್ಡಕ್ಕೆ ಸೀಳಿದ್ದು, ಕೂಡುಗೆರೆ ಎಣ್ಣೆಗಿಂತ ಮೇಲೆ. ಅಷ್ಟೇ ಅಲ್ಲ, ಅದರಲ್ಲಿ ಎರಡು ಪಿಸ್ಟನ್ ಇಳಿಯುವಾಗ ಇನ್ನೆರಡು ಏರುತ್ತವೆ, ಹಾಗಾಗಿ ಒಳಗಿನ ಗಾಳಿಯ ಒತ್ತಡ ಬಹುಮಟ್ಟಿಗೆ ಸರಿದೂಗುತ್ತದೆ.

ಬುಲೆಟ್ಟಿಗೆ ಆ ಅನುಕೂಲವಿಲ್ಲ. 70 ಮಿಲಿಮೀಟರ್ ಬೋರ್, 90 ಮಿಲಿಮೀಟರ್ ಸ್ಟ್ರೋಕ್: ಪಿಸ್ಟನ್ ಒಮ್ಮೆ ಇಳಿದರೆ 346 ಸಿಸಿ ಗಾಳಿಯನ್ನು ಚೇಂಬರಿನೊಳಗೆ ಅದುಮುತ್ತದೆ. ನಿಮಿಷಕ್ಕೆ 3,000 ಸುತ್ತಿನಲ್ಲಿ ಇದು ಸೆಕೆಂಡಿಗೆ 50 ಸಲ. ಆ ಗಾಳಿಗೆ ಹೊರದಾರಿ ಬ್ರೀದರ್ ಒಂದೇ. ಒಳಗಿನ ಗಾಳಿ ಹೊರಗೆ ಹೋಗಲಿ, ಹೊರಗಿನದು ಮರಳಿ ಬಾರದಿರಲಿ ಎಂದು ಅದರ ಕೊಳವೆಯ ತುದಿಗೆ ಬಾತುಕೋಳಿಯ ಕೊಕ್ಕಿನಂಥ ಒಂದು ರಬ್ಬರ್ ಕವಾಟ ಹಾಕಿರುತ್ತಾರೆ. ಕೆಲವು ವರ್ಷದಲ್ಲಿ ಆ ರಬ್ಬರ್ ಒಣಗಿ ಬಿರಿಯುತ್ತದೆ, ಇಲ್ಲವೇ ಜಿಡ್ಡು ಕಟ್ಟಿ ತುಟಿ ಅಂಟಿಕೊಳ್ಳುತ್ತದೆ. ಆಮೇಲೆ ಒಳಗಿನ ಒತ್ತಡ ಎಲ್ಲಿ ಸಡಿಲ ಸಿಕ್ಕಿದರೆ ಅಲ್ಲಿ ಎಣ್ಣೆಯನ್ನು ತಳ್ಳಿಕೊಂಡು ಹೊರಬರುತ್ತದೆ. ಹೀಗಿರುವಾಗ ಎಷ್ಟು ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ಒಂದು ಕಡೆ ನಿಂತ ಸೋರಿಕೆ ಇನ್ನೊಂದು ಕಡೆ ಏಳುತ್ತದೆ. ಸಾವಿರಾರು ರೂಪಾಯಿಯ ಬಿಲ್ಲಿನಲ್ಲಿ ಈ ಸಣ್ಣ ರಬ್ಬರಿನ ಹೆಸರೇ ಇರುವುದಿಲ್ಲ. ನನ್ನ ಮೊದಲ ಆಕ್ಷೇಪ ಇದು.

ಎರಡನೆಯದು, ಸೋರಿಕೆಯ ಮೂಲ ಹುಡುಕದೆ ಮದ್ದು ಹಚ್ಚುವ ಆತುರ. ನಾನು ಕಂಡ ಒಂದು 350ರಲ್ಲಿ ಟ್ಯಾಪೆಟ್ ಕವರಿನ ಪ್ಯಾಕಿಂಗನ್ನು ಮತ್ತೆ ಮತ್ತೆ ಬದಲಾಯಿಸಿದ್ದರು. ಒಂದೇ ನಟ್ಟಿನ ಮೇಲೆ ನಿಂತ ಕವರ್ ಅದು. ಬಿಗಿದು ಬಿಗಿದು ಅದರ ಸ್ಟಡ್ಡೂ ಸಡಿಲವಾಗಿತ್ತು. ಕೊನೆಗೆ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಕೂಡುಗೆರೆಗಳ ಮೇಲೆಲ್ಲ ಟಾಲ್ಕಂ ಪೌಡರ್ ಉದುರಿಸಿ ಗಾಡಿಯನ್ನು ಸ್ವಲ್ಪ ದೂರ ಓಡಿಸಿ ತಂದರು. ಬಿಳಿ ಪುಡಿಯ ಮೇಲೆ ಕಂದು ಗೆರೆ ಶುರುವಾದದ್ದು ಟ್ಯಾಪೆಟ್ ಕವರಿನಲ್ಲಲ್ಲ. ಮೇಲೆ, ರಾಕರಿಗೆ ಎಣ್ಣೆ ಒಯ್ಯುವ ಪೈಪಿನ ಬೋಲ್ಟಿನ ಬುಡದಲ್ಲಿ. ಅಲ್ಲಿಂದ ರೆಕ್ಕೆಗಳ ಸಂದಿನಲ್ಲಿ ಇಳಿದು ಕವರಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಆ ಬೋಲ್ಟಿನ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ಹಾಗೆ ಮಾಡಿದರೆ ಗಡುಸಾದ ತಾಮ್ರ ಮತ್ತೆ ಮೆತ್ತಗಾಗಿ ಕೂರುತ್ತದೆ. ಸೋರಿಕೆ ನಿಂತಿತು. ಇಂಥ ತಾಳ್ಮೆಯ ಕೆಲಸಗಾರರು ನಮ್ಮಲ್ಲಿದ್ದಾರೆ, ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಸಾಮಾನ್ಯ ರೂಢಿ ಅವರದಲ್ಲ.

ರೂಢಿ ಸಿಲಿಕಾನ್ ಪೇಸ್ಟಿನದು. ಪೇಸ್ಟ್ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಜಿಡ್ಡು ಪೂರ್ತಿ ತೆಗೆದ ಮುಖದ ಮೇಲೆ ತೆಳ್ಳಗೆ ಸವರಿ, ಒಣಗುವಷ್ಟು ಹೊತ್ತು ಬಿಟ್ಟರೆ ಹಳೆಯ ಶೆಲ್ಯಾಕಿಗಿಂತ ಚೆನ್ನಾಗಿ ಹಿಡಿಯುತ್ತದೆ. ದಪ್ಪಗೆ ಮೆತ್ತಿದಾಗ ಅನಾಹುತ. ಕವರಿನ ಹೊರಗೆ ಎಷ್ಟು ಉಕ್ಕಿ ಬಂದಿದೆಯೋ ಸುಮಾರು ಅಷ್ಟೇ ಒಳಗೂ ಉಕ್ಕಿರುತ್ತದೆ. ಬುಲೆಟ್ಟಿನ ಟೈಮಿಂಗ್ ಕವರ್ ಬರೀ ಮುಚ್ಚಳವಲ್ಲ. ಎಣ್ಣೆ ಪಂಪುಗಳು ಕೂತಿರುವುದು ಅದರಲ್ಲೇ, ಬಿಗ್ ಎಂಡಿಗೆ ಎಣ್ಣೆ ಹೋಗುವ ದಾರಿಯೂ ಅದರೊಳಗೇ. ಕಳಚಿಕೊಂಡ ಒಂದು ಎಳೆ ಸಿಲಿಕಾನ್ ಆ ದಾರಿಗೆ ಅಡ್ಡ ಬಂದರೆ ಹೊರಗಿನ ಎರಡು ಹನಿ ಉಳಿಸಲು ಹೋಗಿ ಕ್ರ್ಯಾಂಕನ್ನೇ ಕಳೆದುಕೊಂಡಂತೆ.

ಪೇಸ್ಟ್ ಇಷ್ಟೊಂದು ಬೇಕಾಗುವುದಾದರೂ ಯಾಕೆ? ಕೂಡುವ ಮುಖಗಳು ಕೆಟ್ಟಿರುವುದರಿಂದ. ಹಳೆಯ ಪ್ಯಾಕಿಂಗನ್ನು ಸ್ಕ್ರೂ ಡ್ರೈವರಿನಿಂದ ಕೆರೆದ ಗೀರುಗಳು ಒಂದು ಕಡೆ. ಅದಕ್ಕಿಂತ ದೊಡ್ಡ ಕೇಡು ಬಫಿಂಗ್. ಕವರುಗಳು ಕನ್ನಡಿಯಂತೆ ಹೊಳೆಯಬೇಕೆಂದು ಚಕ್ರಕ್ಕೆ ಹಿಡಿದಾಗ ಅಂಚು ದುಂಡಗಾಗುತ್ತದೆ. ಮೊದಲೇ ಕಿರಿದಾದ ಮುಖ, ಅದರಲ್ಲಿ ಅಂಚಿನ ಭಾಗ ಹೋದರೆ ಗ್ಯಾಸ್ಕೆಟ್ ಕೂರುವುದು ಯಾವುದರ ಮೇಲೆ? ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಕವರನ್ನು ಬೋರಲು ಹಾಕಿ, ಎಂಟರ ಆಕಾರದಲ್ಲಿ ಉಜ್ಜಿದರೆ ತಗ್ಗು ಎಲ್ಲಿದೆಯೆಂದು ಕಣ್ಣಿಗೇ ಕಾಣುತ್ತದೆ. ಈ ಕೆಲಸಕ್ಕೆ ಗಿರಾಕಿ ದುಡ್ಡು ಕೊಡುವುದಿಲ್ಲ, ಹೊಳಪಿಗೆ ಕೊಡುತ್ತಾನೆ. ತಪ್ಪಿನ ಅರ್ಧ ಪಾಲು ನಮ್ಮಂಥ ಗಿರಾಕಿಗಳದ್ದೇ. ಗುಜರಿಯಿಂದ ಬೇರೆ ಬೇರೆ ಎಂಜಿನ್ನಿನ ಹೋಳು ತಂದು ಒಂದು ಚೇಂಬರ್ ಮಾಡುವುದಂತೂ ಸಲ್ಲದು. ಅವು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಕಡೆದವು.

ಕೆಲವು ಸೋರಿಕೆಗೂ ಪ್ಯಾಕಿಂಗಿಗೂ ಸಂಬಂಧವೇ ಇಲ್ಲ. ಗಾಡಿ ವಾರಗಟ್ಟಲೆ ನಿಂತಾಗ ಸವೆದ ಪಂಪಿನ ಮೂಲಕ ಎಣ್ಣೆ ಮೆಲ್ಲನೆ ಕ್ರ್ಯಾಂಕಿನ ಕಡೆಗೆ ಇಳಿಯುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಅದು ಬ್ರೀದರಿನಿಂದ ಉಗುಳಲ್ಪಡುತ್ತದೆ, ನೋಡಿದವರು ಚೇಂಬರ್ ಬಿಚ್ಚಿಸುತ್ತಾರೆ. ಪಂಪಿನ ಮುಖ ಕೂರಿಸಿದರೆ ಸಾಕಿತ್ತು. ಹಳೆಯ ಬುಲೆಟ್ಟಿನ ಅಲ್ಬಿಯನ್ ಗೇರ್‌ಬಾಕ್ಸಿನ ವಿಷಯ ಬೇರೆ. ಅದಕ್ಕೆ ಗ್ರೀಸು-ಎಣ್ಣೆ ಬೆರೆಸಿ ತುಂಬುವುದೇ ಪದ್ಧತಿ. ತೆಳು ಎಣ್ಣೆ ಸುರಿದರೆ ಶಾಫ್ಟಿನ ಬುಷ್ಷುಗಳಲ್ಲಿ ಇಳಿದು ಬಂದೇ ಬರುತ್ತದೆ.

ನೆಲ ನೋಡಿ ತೀರ್ಪು ಕೊಡುವವರು ನಮ್ಮ ಮೈಸೂರಿನ ಜಾವಾ-ಯೆಜ್ಡಿಯನ್ನೂ ಗಮನಿಸಬೇಕು. 1961ರಿಂದ 1996ರವರೆಗೆ ಅಲ್ಲಿ ತಯಾರಾದ ಈ ಟೂ-ಸ್ಟ್ರೋಕ್ ಎಂಜಿನ್ ಎಣ್ಣೆಯನ್ನು ಹೊರಗಲ್ಲ, ಒಳಕ್ಕೆ ಸೋರಿಸಬಲ್ಲದು. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಗಡುಸಾದರೆ ಎಂಜಿನ್ ಗೇರ್ ಆಯಿಲನ್ನು ಹೀರಿಕೊಂಡು ಸುಡುತ್ತದೆ. ಕೆಳಗೆ ಒಂದು ಹನಿ ಬಿದ್ದಿರುವುದಿಲ್ಲ, ಹಿಂದೆ ದಟ್ಟ ಹೊಗೆ, ಗೇರ್‌ಬಾಕ್ಸಿನಲ್ಲಿ ಮಟ್ಟ ಇಳಿದಿರುತ್ತದೆ. ಕಾರ್ಬುರೇಟರ್ ತಿರುಗಿಸುತ್ತ ಕೂತವರಿಗೆ ಇದು ಸಿಗುವುದಿಲ್ಲ. ಎಂಜಿನ್ ಬಿಚ್ಚಿದಾಗ ಸೀಲ್ ನೋಡಲು ಚೆನ್ನಾಗಿದ್ದರೂ ಬದಲಾಯಿಸಲೇಬೇಕು.

ಜೋಡಿಸಿದ ಎಂಜಿನ್ನನ್ನು ಹಾಗೇ ಬಿಟ್ಟುಬಿಡುವುದು ಕೊನೆಯ ದೋಷ. ಹೊಸ ಗ್ಯಾಸ್ಕೆಟ್ ಬಿಸಿಗೆ ಅದುಮಿಕೊಂಡು ತೆಳುವಾಗುತ್ತದೆ, ಹೆಡ್ ನಟ್ಟುಗಳ ಬಿಗಿ ಇಳಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಟಾರ್ಕ್ ವ್ರೆಂಚಿನಲ್ಲಿ ಮತ್ತೊಮ್ಮೆ ಬಿಗಿ ನೋಡಬೇಕು. ಕೀಲಿ ಕೊಡುವಾಗಲೇ ಅದಕ್ಕೆ ತಾರೀಖು ಗೊತ್ತುಮಾಡಿ ಗಾಡಿಯನ್ನು ವಾಪಸ್ ಕರೆಸಿಕೊಳ್ಳುವ ಶೆಡ್ಡಿಗೆ ಎರಡು ಕಾಸು ಹೆಚ್ಚೇ ಕೊಡಬಹುದು.