ಡಿಸೆಂಬರಿನಲ್ಲಿ ಕೊಂಡದ್ದು, ಜುಲೈನಲ್ಲಿ ನಾರಿದ್ದು

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಹೊದಿಕೆಯ ವಿಷಯಕ್ಕೆ ಈಗ ಎರಡು ಪಂಗಡ. ಅಮೆರಿಕದಿಂದ ಮಗಳೋ ಅಳಿಯನೋ ಹೊತ್ತು ತಂದ ಡೌನ್ ಕಂಫರ್ಟರಿನ ಮುಂದೆ ಬೇರೆ ಸುಖವೇ ಇಲ್ಲ ಎನ್ನುವವರು ಒಂದು ಕಡೆ. ನಮ್ಮೂರಲ್ಲಿ ಅಂಥ ಚಳಿ ಎಲ್ಲಿದೆ, ಅಜ್ಜಿ ಕಾಲದ ಹತ್ತಿ ರಜಾಯಿಯೇ ಸಾಕು ಎಂದು ಮೂಗು ಮುರಿಯುವವರು ಇನ್ನೊಂದು ಕಡೆ. ಇಬ್ಬರೂ ವಾದ ಹೂಡುವುದು ಚಳಿಯ ಮೇಲೆಯೇ. ನನ್ನ ತಕರಾರು ಅಲ್ಲೇ ಇರುವುದು. ಬೆಂಗಳೂರಿನಲ್ಲಿ ಹೊದಿಕೆಗೆ ಪರೀಕ್ಷೆ ಬರುವುದು ಜುಲೈನಲ್ಲಿ.

ಈ ಊರಿನ ದಾಖಲೆಯ ಚಳಿ 7.8 ಡಿಗ್ರಿ, ಅದು ಬಿದ್ದದ್ದು 1884ರ ಜನವರಿಯಲ್ಲಿ. ಈಗಿನ ಜನವರಿ ರಾತ್ರಿಗಳು ಸಾಮಾನ್ಯವಾಗಿ 15–16ರ ಹತ್ತಿರ ನಿಲ್ಲುತ್ತವೆ. ಕಿಟಕಿ ಮುಚ್ಚಿದರೆ ಮನೆಯೊಳಗೆ ಅಷ್ಟು ಚಳಿಯೂ ಇರುವುದಿಲ್ಲ. ಈ ಚಳಿಯನ್ನು ದಪ್ಪನೆಯ ಯಾವ ಹೊದಿಕೆಯಾದರೂ ನಿಭಾಯಿಸುತ್ತದೆ.

ಆದರೆ ಅಂಗಡಿಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಬೇರೊಂದು ಅಂಕಿ. ‘ಇದು 600 ಫಿಲ್ ಪವರ್ ಸಾರ್, ಇದು 800’ ಎಂದು ಹುಡುಗ ಹೇಳಿದೊಡನೆ ನಾವು 800ರ ಕಡೆ ವಾಲುತ್ತೇವೆ. ಡೌನ್ ಎಂದರೆ ಹೆಬ್ಬಾತಿನ, ಬಾತುಕೋಳಿಯ ಹೊರಗರಿಗಳ ಅಡಿಯಲ್ಲಿರುವ ತುಪ್ಪುಳ. ಅದಕ್ಕೆ ಗರಿಯ ಕಡ್ಡಿ ಇರುವುದಿಲ್ಲ. ಎಳೆಗಳು ಎಲ್ಲ ದಿಕ್ಕಿಗೂ ಅರಳಿ ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳ ಎಷ್ಟು ಘನ ಅಂಗುಲ ಜಾಗ ತುಂಬುತ್ತದೆ ಎನ್ನುವುದೇ ಫಿಲ್ ಪವರ್. 600 ಎಂದರೆ 28 ಗ್ರಾಂಗೆ ಹತ್ತು ಲೀಟರಿನ ಬಕೆಟ್ ಹತ್ತಿರ ಹತ್ತಿರ ತುಂಬಿತು. ನಿಜಕ್ಕೂ ಬೆರಗಿನ ವಸ್ತು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಚೀಲದೊಳಗೆ ಒಟ್ಟು ಎಷ್ಟು ಗ್ರಾಂ ತುಂಬಿದ್ದಾರೆಂದು ಈ ಅಂಕಿ ಹೇಳುವುದೇ ಇಲ್ಲ. 800ರ ತುಪ್ಪುಳ 400 ಗ್ರಾಂ ತುಂಬಿದರೂ 600ರದ್ದು 530 ಗ್ರಾಂ ಚಿಲ್ಲರೆ ತುಂಬಿದರೂ ಉಬ್ಬು ಒಂದೇ. ದುಬಾರಿ ಅಂಕಿಗೆ ಕೊಟ್ಟ ದುಡ್ಡಿನಿಂದ ಉಳಿದದ್ದು ನೂರಮೂವತ್ತು ಗ್ರಾಂ ಭಾರ! ಬೆನ್ನ ಮೇಲೆ ಹೊತ್ತು ಹಿಮಾಲಯ ಹತ್ತುವವರಿಗೆ ಅದು ಮುಖ್ಯ. ಮಂಚದಿಂದ ಬಚ್ಚಲಿಗೆ ನಡೆಯುವವರಿಗಲ್ಲ. ಬ್ರಿಟನ್ನಿನವರು ಹೊದಿಕೆಯ ಬಿಸಿಯನ್ನೇ ಅಳೆಯಲು ‘ಟಾಗ್’ ಎಂಬ ಅಳತೆ ಇಟ್ಟುಕೊಂಡಿದ್ದಾರೆ. ಅವರ ಬೇಸಿಗೆಯ ಹೊದಿಕೆ 4.5 ಟಾಗ್, ಕಡುಚಳಿಗೆ 13.5. ಅವರ ಬೇಸಿಗೆಯದೇ ನಮ್ಮ ಮಾಗಿಗೆ ಧಾರಾಳ.

ಈಗ ಜುಲೈಗೆ ಬರೋಣ. ತಂಗಿ ವಾಪಸು ಹೋಗುವಾಗ ಬಿಟ್ಟುಹೋದ ಕಂಫರ್ಟರನ್ನು ನಾನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಗಾಳಿ ಹೊರಗೆಳೆದು, ಬಾಕ್ಸ್ ಮಂಚದೊಳಗೆ ಇಟ್ಟಿದ್ದೆ. ಜಡಿಮಳೆ ಹಿಡಿದ ಒಂದು ವಾರ ತೆಗೆದು ಹರವಿದರೆ ಅಮ್ಮ ಮೂಗಿಗೆ ಸೆರಗು ಹಿಡಿದು, ‘ಏನೋ ಇದು, ಒಳಗೆ ಏನಾದ್ರೂ ಸತ್ತಿದೆಯಾ?’ ಎಂದರು. ಸತ್ತದ್ದು ಬಾತುಕೋಳಿ, ಸತ್ತು ಬಹಳ ದಿನವಾಯಿತು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಒಗೆಯಲು ಕೊಟ್ಟ ಕಡೆಯಿಂದ ಅದು ಮೇಲೆ ಒಣಗಿ, ಒಳಗೆ ಮುದ್ದೆ ಮುದ್ದೆಯಾಗಿ ಬಂತು. ತುಪ್ಪುಳ ಒದ್ದೆಯಾದರೆ ಕುಸಿಯುತ್ತದೆ, ಕುಸಿದರೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಬಿಸಿಯೂ ಇಲ್ಲ. ಮಳೆಗಾಲದಲ್ಲಿ ಅದನ್ನು ಪೂರ್ತಿ ಒಣಗಿಸಲು ಸಣ್ಣ ಬಿಸಿಯ ಡ್ರೈಯರ್ ಬೇಕು. ಜೊತೆಗೆ ಎರಡು ಮೂರು ಟೆನಿಸ್ ಚೆಂಡು ಹಾಕಿ ಗಂಟು ಒಡೆಯುವಂತೆ ಗಂಟೆಗಟ್ಟಲೆ ತಿರುಗಿಸಬೇಕು. ಹೊರಗೆ ಹಿಮ, ಒಳಗೆ ಹೀಟರು, ಪಕ್ಕದಲ್ಲಿ ಡ್ರೈಯರ್ ಇರುವ ಮನೆಗೆ ಹುಟ್ಟಿದ ವಸ್ತು ಅದು.

ಹಾಗೆಂದು ರಜಾಯಿ ಪಂಗಡಕ್ಕೂ ನಾನು ಸೇರುವವನಲ್ಲ. ಅವರು ಹೊಗಳುವ ರಜಾಯಿಯ ಅರ್ಧ ಭಾಗ ಈಗ ಇಲ್ಲವೇ ಇಲ್ಲ. ಚಾಮರಾಜಪೇಟೆಯ ಪಕ್ಕದಲ್ಲೇ ಕಾಟನ್‌ಪೇಟೆ, ಅದರಾಚೆ ಅರಳೆಪೇಟೆ. ಈ ಊರಿಗೂ ಹತ್ತಿಗೂ ಇದ್ದ ನಂಟಿಗೆ ಹೆಸರುಗಳೇ ಸಾಕ್ಷಿ. ಬಿಲ್ಲಿನಂಥ ಸಲಕರಣೆ ಹೆಗಲಿಗೇರಿಸಿ ಟಂಯ್ ಟಂಯ್ ಎನಿಸುತ್ತ ಬರುತ್ತಿದ್ದ ಹತ್ತಿ ಹಿಂಜುವವರು ಗಂಟುಕಟ್ಟಿದ ರಜಾಯಿ ಬಿಚ್ಚಿ, ಅರಳೆ ಮಾಡಿ, ಮತ್ತೆ ಹೊಲಿದು ಕೊಡುತ್ತಿದ್ದರು. ರಜಾಯಿ, ಅವರ ಕೈ, ತಾರಸಿಯ ಬಿಸಿಲು ಮೂರೂ ಸೇರಿ ಒಂದು ಹೊದಿಕೆ. ಅವರು ನಮ್ಮ ಬೀದಿಗೆ ಬಂದು ಯಾವ ಕಾಲವಾಯಿತೋ. ಹಿಂಜದ ರಜಾಯಿ ನಾಲ್ಕು ಕೇಜಿಯ ಗಂಟುಮೂಟೆ. ತಾರಸಿಯೂ ಹೋಗುತ್ತಿದೆ. 1898ರ ಪ್ಲೇಗಿನ ನಂತರ ಗಾಳಿ ಬೆಳಕು ಇರಲೆಂದೇ ಅಗಲವಾದ ರಸ್ತೆ ಬಿಟ್ಟು ಕಟ್ಟಿದ ಬಡಾವಣೆಗಳಲ್ಲಿ ಈಗ ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಬೆಳಗಿನ ಒಂದು ಗಂಟೆ ಬಿಸಿಲು ಬಿದ್ದರೆ ಪುಣ್ಯ.

ಪುಕ್ಕದ ಹಾಸಿಗೆ ನಮ್ಮ ಸಂಸ್ಕೃತಿಯಲ್ಲ ಎಂಬ ಮಾತೂ ಕೇಳಿದ್ದೇನೆ. ಹಂಸತೂಲಿಕಾತಲ್ಪ ಎಂಬ ಪದವನ್ನು ನಾಲಿಗೆಯ ಮೇಲೆ ಇಟ್ಟುಕೊಂಡವರು ಹಾಗನ್ನಬಾರದು. ಅದು ಮಡಿಗೆ ಬರುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ, ಅದು ನಮ್ಮಜ್ಜಿಯ ಪ್ರಶ್ನೆ. ಉಣ್ಣೆಗೆ ಮಾತ್ರ ಅವರು ಮೈಲಿಗೆ ಹಚ್ಚುತ್ತಿರಲಿಲ್ಲ. ಮಡಿಗೆ ಧಾಬಳಿಯನ್ನೇ ಉಡುತ್ತಿದ್ದರು. ನನ್ನ ಮತವೂ ಉಣ್ಣೆಗೇ. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿದರೂ ಅದು ಕೈಗೆ ಒದ್ದೆ ಎನಿಸದು, ಬಿಸಿಯನ್ನೂ ಬಿಟ್ಟುಕೊಡದು. ಚಳ್ಳಕೆರೆ ಕಡೆಯ ಕಂಬಳಿ ಚುಚ್ಚುತ್ತದೆ ಎನ್ನುತ್ತಾರೆ. ಚುಚ್ಚುತ್ತದೆ, ನಿಜ. ಅದರ ಕೆಳಗೊಂದು ಹತ್ತಿ ದುಪ್ಪಟಿ ಹೊದ್ದುಕೊಳ್ಳಿ. ಸೆಕೆಯಾದರೆ ಒಂದನ್ನು ಕಾಲ ಕೆಳಗೆ ತಳ್ಳಬಹುದು; ಡೌನಿನಲ್ಲಿ ಆ ಸೌಕರ್ಯವಿಲ್ಲ, ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ.

ಮನೆಗೆ ಬಂದುಬಿಟ್ಟ ಕಂಫರ್ಟರನ್ನು ಏನು ಮಾಡುವುದು? ಎಸೆಯಬೇಡಿ. ಹತ್ತಿಯ ಗವಸು ಹಾಕಿ, ಪದೇ ಪದೇ ಒಗೆಯುವುದು ಗವಸನ್ನು ಮಾತ್ರ. ಬಸವನಗುಡಿಯವರಿಗೆ ಪಂಚಾಂಗ ಸಲೀಸು: ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಹೊರಗೆ ತೆಗೆಯಿರಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವ ಹೊತ್ತಿಗೆ, ಒಣಹವೆ ಇರುವಾಗಲೇ, ಒಗೆದು ಮೂರು ದಿನ ಬಿಸಿಲಿಗೆ ಹಾಕಿ, ಗಂಟೆಗೊಮ್ಮೆ ಕೊಡವಿ, ಗಂಟುಗಳನ್ನು ಬೆರಳಲ್ಲಿ ಬಿಡಿಸಿ. ಮುಷ್ಟಿಯಲ್ಲಿ ಹಿಸುಕಿ ಮೂಸಿ ನೋಡಿ; ಸ್ವಲ್ಪ ವಾಸನೆ ಇದ್ದರೂ ನಾಲ್ಕನೆಯ ದಿನವೂ ತಾರಸಿಗೆ. ಆಮೇಲೆ ಹಳೇ ಪಂಚೆಯಲ್ಲಿ ಸಡಿಲವಾಗಿ ಸುತ್ತಿ ಅಟ್ಟದ ಮೇಲಿಡಿ, ಪ್ಲಾಸ್ಟಿಕ್ ಬೇಡ. ನಮ್ಮ ಮನೆಯದು ಈಗ ಅಲ್ಲೇ ಇದೆ, ಅಮ್ಮ ಸಿಕ್ಕಿಸಿದ ಬೇವಿನ ಸೊಪ್ಪಿನ ಜೊತೆ.