ಅಳಿವೆಯ ನೀರು, ಇದ್ದಲಿನ ರಂಧ್ರ : ಒಂದು ಗಣಿತಚಿತ್ರದ ವಿಮರ್ಶೆ

ಸೂಪರ್‌ಕೆಪಾಸಿಟರ್ ಎಂಬ ವಿದ್ಯುತ್ಸಂಗ್ರಾಹಕದ ತತ್ತ್ವವು ಸರಳವಾದುದು. ಸೂಕ್ಷ್ಮರಂಧ್ರಗಳಿಂದ ಕೂಡಿದ ಇದ್ದಲಿನ ಎರಡು ವಿದ್ಯುದ್ವಾರಗಳನ್ನು ಲವಣದ್ರಾವಣದಲ್ಲಿರಿಸಿ ವಿದ್ಯುತ್ತನ್ನು ಹಾಯಿಸಿದರೆ, ಅಯಾನುಗಳು ರಂಧ್ರಗಳಲ್ಲಿ ಸರಿದಾಡಿ, ಗೋಡೆಯ ಆವೇಶಕ್ಕೆ ಪ್ರತಿಯಾದ ಆವೇಶವನ್ನು ಅದರ ಮಗ್ಗುಲಲ್ಲೇ ಕೂಡಿಸುತ್ತವೆ. 2009ರಲ್ಲಿ ಇಟಲಿಯ ದೋರಿಯಾನೊ ಬ್ರೋಜೋಲಿಯವರು ಈ ಸಾಧನಕ್ಕೆ ಹೊಸದೊಂದು ಕೆಲಸವನ್ನು ಸೂಚಿಸಿದರು. ಅದನ್ನು ಉಪ್ಪುನೀರಿನಲ್ಲಿ ತುಂಬಿಸಿ, ಬಳಿಕ ಸಿಹಿನೀರನ್ನು ಹಾಯಿಸಿದರೆ, ಗೋಡೆಯ ಮಗ್ಗುಲಿನ ಅಯಾನುಪದರವು ಹಿಗ್ಗಿ, ಅಷ್ಟೇ ಆವೇಶಕ್ಕೆ ವೋಲ್ಟೇಜು ಏರುತ್ತದೆ. ಆ ಏರಿಕೆಯಲ್ಲಿ ವಿದ್ಯುತ್ತನ್ನು ಹೊರತೆಗೆದರೆ ಕೊಟ್ಟುದಕ್ಕಿಂತ ಹೆಚ್ಚು ಶಕ್ತಿ ಕೈಸೇರುತ್ತದೆ. ಹೆಚ್ಚಾದ ಪಾಲು ಎರಡು ನೀರುಗಳ ಬೆರಕೆಯಿಂದ ಬಂದುದು.

ಕಾಳಿಯು ಕಾರವಾರದಲ್ಲಿ, ಗಂಗಾವಳಿಯು ಅಂಕೋಲೆಯ ಮಂಜಗುಣಿಯ ಬಳಿಯಲ್ಲಿ ಕಡಲನ್ನು ಸೇರುವ ಸೀಮೆಯವರಿಗೆ ಇದು ಬರಿಯ ಕುತೂಹಲದ ಮಾತಲ್ಲ. ಒಂದು ಘನಮೀಟರ್ ನದಿಯ ನೀರು ಅಪಾರವಾದ ಕಡಲಿನಲ್ಲಿ ಬೆರೆಯುವಾಗ, ಸಿದ್ಧಾಂತದ ಮಟ್ಟಿಗೆ, 2 ಮೆಗಾಜೂಲಿಗೂ ತುಸು ಮಿಕ್ಕ ಶಕ್ತಿ ಒದಗಬಲ್ಲುದು. ಅದೇ ನೀರು 200 ಮೀಟರಿಗೂ ಮಿಗಿಲಾದ ಎತ್ತರದಿಂದ ಬಿದ್ದಂತಾಯಿತು. ಜೋಗದ ಎತ್ತರ 253 ಮೀಟರ್. ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ವಿದ್ಯುತ್ತನ್ನಿತ್ತು ಬರುವ ಕಾಳಿಗೆ ಅಳಿವೆಯಲ್ಲಿ ಕಣ್ಣಿಗೆ ಕಾಣದ ಮತ್ತೊಂದು ಜಲಪಾತವುಂಟೆಂದು ಹೇಳಿದರೆ ಅತಿಶಯೋಕ್ತಿಯಾಗದು. ಅದರಲ್ಲಿ ಎಷ್ಟು ಪಾಲು ನಮಗೆ ದಕ್ಕೀತೆಂಬುದನ್ನು ಮುಂದಾಗಿ ಹೇಳಬೇಕಾದುದು ರಂಧ್ರದ ಗಣಿತ. ಆ ಗಣಿತವು ಈ ಭಾರವನ್ನು ಹೊರಬಲ್ಲುದೇ ಎಂಬುದೇ ಪ್ರಕೃತ ವಿಚಾರ.

ಅಯಾನುಗಳ ಸಂಚಾರದ ಕುರಿತು ದ ಲೆವಿಯವರು 1963ರಲ್ಲಿ ಕೊಟ್ಟ ಚಿತ್ರವು ಇಂದಿಗೂ ಮಾನ್ಯವಾಗಿದೆ. ರಂಧ್ರವೆಂದರೆ ಉದ್ದಕ್ಕೂ ತಡೆಯುಳ್ಳ, ಗೋಡೆಯುದ್ದಕ್ಕೂ ಸಂಗ್ರಹಿಸುವ ಒಂದು ನಾಳ. ಭರತದ ನೀರು ಗಜನಿಯ ಕಾಲುವೆಯನ್ನು ಹೊಕ್ಕಂತೆ, ಬಾಯಿ ಮೊದಲು ತುಂಬುತ್ತದೆ, ಒಳಗು ತಡವಾಗಿ. ನಾಳದ ಉದ್ದ ಇಮ್ಮಡಿಯಾದರೆ ತುಂಬುವ ಕಾಲ ನಾಲ್ಮಡಿಯಾಗುತ್ತದೆ. ದೃಷ್ಟಾಂತವು ಇಲ್ಲಿಗೆ ನಿಲ್ಲಬೇಕು. ಕಾಲುವೆ ಬರಿದಾಗಿರಬಹುದು, ರಂಧ್ರವು ಎಂದೂ ಬರಿದಲ್ಲ. ಗೋಡೆಗೆ ವಿರುದ್ಧವಾದ ಅಯಾನು ಒಳಬಂದರೂ, ಸಮಾನವಾದುದು ಹೊರಹೋದರೂ ಆವೇಶದ ಲೆಕ್ಕ ಒಂದೇ. ಉಪ್ಪಿನ ಲೆಕ್ಕ ಮಾತ್ರ ಬೇರೆ. ದ ಲೆವಿಯವರ ಸಮೀಕರಣವು ಈ ಭೇದವನ್ನು ಕಾಣದು. ದ್ರಾವಣದ ತಡೆಯನ್ನೂ ಅದು ಸ್ಥಿರವೆಂದೆಣಿಸುತ್ತದೆ. ಶಕ್ತಿಯನ್ನು ಹೊರತೆಗೆಯುವ ಹೊತ್ತಿನಲ್ಲಿ ರಂಧ್ರಗಳ ನಡುವೆ ಇರುವುದು ಸಿಹಿನೀರಾದುದರಿಂದ, ತಡೆಯು ಆಗಲೇ ಅತ್ಯಧಿಕವಾಗಿರುತ್ತದೆ. 2010ರಲ್ಲಿ ಬೀಸ್‌ಹ್ಯೂವೆಲ್ ಮತ್ತು ಬಜಾಂಟ್ ಅವರು ಉಪ್ಪಿನ ಏರಿಳಿತವನ್ನೂ ಸೇರಿಸಿ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದುದು ದೊಡ್ಡ ಉಪಕಾರ.

ಸಂಗ್ರಹದ ವಿಷಯದಲ್ಲಿ ನಮ್ಮ ಆಕ್ಷೇಪವು ಹೆಚ್ಚು ಗಂಭೀರವಾದುದು. ಗೂಯ್ (1910), ಚಾಪ್‌ಮನ್ (1913) ಇವರ ಸಿದ್ಧಾಂತವು ಚಪ್ಪಟೆಯಾದ ಗೋಡೆಯನ್ನೂ ಬಿಂದುಮಾತ್ರವಾದ ಅಯಾನುಗಳನ್ನೂ ಕಲ್ಪಿಸಿಕೊಂಡಿತು. ಅಯಾನುಗಳಿಗೆ ಗಾತ್ರವುಂಟೆಂದು 1924ರಲ್ಲಿ ಸ್ಟರ್ನ್ ಅವರು ತಿದ್ದಿದರು. ಕಡಲ ನೀರಿನಲ್ಲಿ ಅಯಾನುಪದರದ ದಪ್ಪವು ಅರ್ಧ ನ್ಯಾನೊಮೀಟರಿಗೂ ಕಡಿಮೆ. ಅದಕ್ಕಿಂತ ಐನೂರು ಅರುನೂರು ಪಾಲು ತೆಳುವಾದ ಉಪ್ಪಿನ ನೀರಿನಲ್ಲಿ ಸುಮಾರು 10 ನ್ಯಾನೊಮೀಟರ್. ಹದಮಾಡಿದ ಇದ್ದಲಿನ ರಂಧ್ರಗಳಲ್ಲಿ ಬಹುಪಾಲು ಎರಡು ನ್ಯಾನೊಮೀಟರಿನ ಒಳಗಿನವು. ಅಲ್ಲಿ ಎದುರುಬದುರು ಗೋಡೆಗಳ ಪದರಗಳು ಒಂದರೊಳಗೊಂದು ಬೆರೆತುಹೋಗುವುದರಿಂದ, ಹಿಗ್ಗುವುದಕ್ಕೆ ಎಡೆಯೇ ಇಲ್ಲ. ಆದುದರಿಂದ ಡೊನಾನ್ ಅವರ ತತ್ತ್ವವನ್ನು ಅನುಸರಿಸಿ ಇಡೀ ರಂಧ್ರಕ್ಕೆ ಒಂದೇ ವಿಭವವನ್ನು ಕಲ್ಪಿಸುವ ಮಾದರಿಯು ಬಳಕೆಗೆ ಬಂದಿತು. ವಿದ್ಯುತ್ತಿಲ್ಲದಿದ್ದರೂ ಇದ್ದಲು ಉಪ್ಪನ್ನು ಹೀರುವುದನ್ನು ವಿವರಿಸಲು ಅದರಲ್ಲಿ ಒಂದು ಆಕರ್ಷಣೆಯ ಪದವನ್ನು ಸೇರಿಸಿದರು. ಮೊದಲು ಅದು ಸ್ಥಿರಸಂಖ್ಯೆಯಾಗಿತ್ತು. ಬೇರೆ ಬೇರೆ ಸಾಂದ್ರತೆಯ ದ್ರಾವಣಗಳಿಗೆ ಒಂದೇ ಸಂಖ್ಯೆ ಒಗ್ಗದಿರಲು, 2014ರಲ್ಲಿ ಬೀಸ್‌ಹ್ಯೂವೆಲ್, ಪೊರಾಡ, ಲೆವಿ, ಬಜಾಂಟ್ ಇವರು ಅದನ್ನು ರಂಧ್ರದೊಳಗಿನ ಅಯಾನುಗಳ ಸಾಂದ್ರತೆಗೆ ವಿಲೋಮವಾಗಿ ಬದಲಾಗುವಂತೆ ಮಾಡಿದರು. ಇದಕ್ಕೆ ಪ್ರತಿಬಿಂಬಾವೇಶದ ಸಮರ್ಥನೆಯನ್ನೂ ಅವರು ಕೊಟ್ಟಿರುವುದರಿಂದ ಬರಿಯ ತೇಪೆಯೆನ್ನುವುದು ನ್ಯಾಯವಲ್ಲ. ಆದರೂ ಆ ಸಮರ್ಥನೆಯು ಸಂಖ್ಯೆಯನ್ನು ತಾನಾಗಿ ನಿರ್ಣಯಿಸಿಕೊಡುವುದಿಲ್ಲ. ಅಳತೆಗೆ ಹೊಂದಿಸಿಯೇ ಅದನ್ನು ಪಡೆಯಬೇಕು. ಸ್ಟರ್ನ್ ಪದರದ ಧಾರಣಶಕ್ತಿಯ ಪಾಡೂ ಇದೇ. ಹೊಂದಿಸಿಕೊಂಡ ಸಂಖ್ಯೆಗಳಿಂದ ಬಂದ ವಕ್ರರೇಖೆಯು ಅದೇ ಅಳತೆಗಳ ಮೇಲೆ ಕುಳಿತಿತೆಂದರೆ ಸಿದ್ಧಾಂತವು ನಿಜವಾಯಿತೆಂದು ನಾವು ಒಪ್ಪಲಾರೆವು.

ಉಪ್ಪಿನ ಸಾಂದ್ರತೆಯೇ ಸ್ಥಿರವಲ್ಲದ ಅಳಿವೆಯಲ್ಲಿ ಈ ಆಕ್ಷೇಪಕ್ಕೆ ಬಲ ಹೆಚ್ಚು. ಮಳೆಗಾಲದಲ್ಲಿ ಕಾಳಿಯ ನೀರು ಅಳಿವೆಯ ಮೇಲ್ಮೈಯನ್ನೆಲ್ಲ ಸಿಹಿಯಾಗಿಸುತ್ತದೆ. ಬೇಸಿಗೆಯಲ್ಲಿ ಭರತದೊಡನೆ ಉಪ್ಪು ಹೊಳೆಯ ಮೇಲಕ್ಕೇರುತ್ತದೆ. ನದಿಯ ನೀರು ಸಮೃದ್ಧವಾಗಿರುವಾಗ ಉಪ್ಪುನೀರನ್ನು ದೂರದಿಂದ ತರಬೇಕು, ಉಪ್ಪುನೀರು ಕೈಗೆಟುಕುವಾಗ ಸಿಹಿನೀರಿಗೆ ಬಡತನ. ಈ ಪಲ್ಲಟವನ್ನು ಗಜನಿಯಲ್ಲಿ ಕಗ್ಗ ಭತ್ತವನ್ನು ಬೆಳೆಯುವವರು ತಲೆಮಾರುಗಳಿಂದ ಬಲ್ಲರು. ಮೇಲಾಗಿ ಪ್ರಯೋಗಶಾಲೆಯ ದ್ರಾವಣವು ಸಾಮಾನ್ಯವಾಗಿ ಅಡಿಗೆಯುಪ್ಪು ಮಾತ್ರ. ಕಡಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ, 2.7 ಗ್ರಾಂ ಸಲ್ಫೇಟ್ ಉಂಟು. ಎರಡು ಆವೇಶಗಳನ್ನು ಹೊತ್ತ ಈ ಅಯಾನುಗಳು ಒಂದೇ ಆವೇಶದ ಸೋಡಿಯಂ, ಕ್ಲೋರೈಡುಗಳ ಹಾಗೆ ವರ್ತಿಸಬೇಕೆಂಬ ನಿಯಮವಿಲ್ಲ. ಹೊಳೆಯ ಕೆಸರಂತೂ ಯಾವ ಸಮೀಕರಣದಲ್ಲಿಯೂ ಕಾಣಿಸಿಕೊಂಡಿಲ್ಲ.

ಇಷ್ಟರಿಂದ ಈ ಮಾದರಿಯನ್ನು ತಳ್ಳಿಹಾಕಬೇಕೆಂದು ನಮ್ಮ ಅಭಿಪ್ರಾಯವಲ್ಲ. ಅದಕ್ಕೆ ತಕ್ಕ ಪರೀಕ್ಷೆಯಾಗಬೇಕು. ಶುದ್ಧವಾದ ಅಡಿಗೆಯುಪ್ಪಿನ ದ್ರಾವಣದಲ್ಲಿ ಒಂದು ಇದ್ದಲಿನ ಸಂಖ್ಯೆಗಳನ್ನೆಲ್ಲ ಒಮ್ಮೆ ನಿರ್ಣಯಿಸಿ, ಅನಂತರ ಒಂದನ್ನೂ ಮುಟ್ಟದೆ, ಸದಾಶಿವಗಡದ ಬುಡದಲ್ಲಿಯೂ ಮಂಜಗುಣಿಯಲ್ಲಿಯೂ ಮೇ ತಿಂಗಳಲ್ಲೊಮ್ಮೆ, ಜುಲೈಯಲ್ಲೊಮ್ಮೆ, ಭರತ ಇಳಿತಗಳೆರಡರಲ್ಲಿ ತೆಗೆದ ನೀರಿಗೆ ವೋಲ್ಟೇಜಿನ ಏರಿಕೆಯನ್ನು ಮೊದಲು ಲೆಕ್ಕಮಾಡಿ ಬರೆದಿಟ್ಟು, ಆಮೇಲೆ ಅಳೆಯಬೇಕು.