ಪರದೇಶದ ತರಗತಿ: ಷಾರ್ಲಟ್ ಬ್ರಾಂಟೆಯ 'ವಿಲೆಟ್'

ಷಾರ್ಲಟ್ ಬ್ರಾಂಟೆಯ ಹೆಸರೆತ್ತಿದೊಡನೆ ನಮ್ಮವರಿಗೆ ನೆನಪಾಗುವುದು 'ಜೇನ್ ಐರ್'. ಆಕೆ ಬದುಕಿದ್ದಾಗ ಪ್ರಕಟವಾದ ಕೊನೆಯ ಕಾದಂಬರಿ 'ವಿಲೆಟ್' (1853) ಅಷ್ಟಾಗಿ ಓದುಗರ ಕೈಗೆ ಬಂದದ್ದಲ್ಲ. ಕಥೋಲಿಕ ಓದುಗರು ಅದರಿಂದ ಇನ್ನಷ್ಟು ದೂರ ಉಳಿದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ನಮ್ಮ ಧರ್ಮಸಭೆಯ ಬಗ್ಗೆ ಅದರಲ್ಲಿರುವ ಹಲವು ಮಾತುಗಳು ಕಟುವಾದವು, ಕೆಲವಂತೂ ಅನ್ಯಾಯದವು. ಹಾಗಿದ್ದೂ, ಒಬ್ಬ ಕ್ರೈಸ್ತ ಶಿಕ್ಷಕಿ ಪರದೇಶದಲ್ಲಿ ನೆಲೆಯೂರುವ ಬಗೆಯನ್ನು ಇಷ್ಟು ನಿಷ್ಠುರವಾಗಿ, ಇಷ್ಟು ಒಳಗಿನಿಂದ ಬರೆದ ಮತ್ತೊಂದು ಕೃತಿ ನನ್ನ ಓದಿಗೆ ಸಿಕ್ಕಿಲ್ಲ. ಆದ್ದರಿಂದ ಅದನ್ನು ಬದಿಗಿಡಲು ಮನಸ್ಸು ಬರುವುದಿಲ್ಲ.

ಕಾದಂಬರಿಯ ಹಿಂದೆ ಒಂದು ನಿಜವಾದ ಪ್ರಯಾಣವಿದೆ. ಇಂಗ್ಲೆಂಡಿನ ಹಾವರ್ತ್ ಎಂಬ ಊರಿನ ಆಂಗ್ಲಿಕನ್ ಪಾದ್ರಿಯ ಮಗಳಾದ ಷಾರ್ಲಟ್, 1842ರ ಫೆಬ್ರವರಿಯಲ್ಲಿ ತಂಗಿ ಎಮಿಲಿಯೊಡನೆ ಬ್ರಸೆಲ್ಸ್‌ಗೆ ಹೋದಳು. ಫ್ರೆಂಚ್ ಕಲಿತು ಬಂದು ಊರಿನಲ್ಲಿ ತಮ್ಮದೇ ಒಂದು ಶಾಲೆ ತೆರೆಯಬೇಕೆಂಬುದು ಸೋದರಿಯರ ಆಸೆಯಾಗಿತ್ತು. ಎಗೆ ದಂಪತಿಗಳ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಅವರು ವಿದ್ಯಾರ್ಥಿನಿಯರಾದರು. ಅದೇ ವರ್ಷ ದೊಡ್ಡಮ್ಮ ತೀರಿಕೊಂಡಾಗ ಇಬ್ಬರೂ ಮನೆಗೆ ಮರಳಿದರು. 1843ರ ಜನವರಿಯಲ್ಲಿ ಷಾರ್ಲಟ್ ಒಬ್ಬಳೇ ತಿರುಗಿ ಹೋದಳು, ಈ ಸಲ ಇಂಗ್ಲಿಷ್ ಉಪಾಧ್ಯಾಯಿನಿಯಾಗಿ. ಸಂಬಳ ವರ್ಷಕ್ಕೆ 16 ಪೌಂಡು. ಅದರಲ್ಲೇ ತನ್ನ ಜರ್ಮನ್ ಪಾಠದ ಶುಲ್ಕವನ್ನೂ ತೆರಬೇಕು. ಒಂದು ವರ್ಷ ಕಳೆಯುವಷ್ಟರಲ್ಲಿ ಆಕೆ ಸೋತು ಊರಿಗೆ ಹಿಂದಿರುಗಿದಳು. ಶಾಲೆಯ ಯಜಮಾನ ಕಾನ್‌ಸ್ಟಂಟಿನ್ ಎಗೆಯ ಮೇಲೆ ಆಕೆಗಿದ್ದ ಮೋಹದ ಕುರಿತು ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಅದನ್ನು ಇಲ್ಲಿ ಬೆಳೆಸುವ ಅಗತ್ಯ ಕಾಣುವುದಿಲ್ಲ. ಆ ಒಂದು ಸಂಗತಿಯನ್ನೇ ಹಿಡಿದು ಓದಿದ್ದರಿಂದ ಕಾದಂಬರಿಯಲ್ಲಿರುವ ಶಾಲೆ ಹಿಂದೆ ಸರಿದುಹೋಗಿದೆ ಎಂಬುದು ನನ್ನ ದೂರು.

ಕಥಾನಾಯಕಿ ಲೂಸಿ ಸ್ನೋಗೆ ತನ್ನವರೆಂಬವರಿಲ್ಲ. ಕೈಯಲ್ಲಿ ಕೆಲವೇ ಪೌಂಡು ಹಿಡಿದು ಹಡಗು ಹತ್ತುತ್ತಾಳೆ. ಇಳಿದ ದೇಶದ ಭಾಷೆ ಬಾರದು. ಪೆಟ್ಟಿಗೆ ದಾರಿಯಲ್ಲೇ ತಪ್ಪಿಹೋಗುತ್ತದೆ. ಅಪರಿಚಿತರೊಬ್ಬರು ಹೇಳಿದ ವಸತಿಗೃಹವನ್ನು ಹುಡುಕುತ್ತಾ ಕತ್ತಲಲ್ಲಿ ದಾರಿ ತಪ್ಪಿ ಬಂದು ನಿಲ್ಲುವುದು ಮದಾಂ ಬೆಕ್ ಎಂಬವಳ ಶಾಲೆಯ ಬಾಗಿಲಲ್ಲಿ. ಮೊದಲು ಸಿಕ್ಕಿದ್ದು ಯಜಮಾನಿಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಇಂಗ್ಲಿಷ್ ಉಪಾಧ್ಯಾಯರು ಬಾರದ ಒಂದು ದಿನ ಮದಾಂ ಬೆಕ್ ಆಕೆಯನ್ನು ನೇರವಾಗಿ ತರಗತಿಗೆ ಕರೆದೊಯ್ಯುತ್ತಾಳೆ. ಬಾಗಿಲ ಬಳಿ ನಿಲ್ಲಿಸಿ, ಮುಂದೆ ಹೋಗುವೆಯೋ ಹಿಂದೆ ಸರಿಯುವೆಯೋ ಎಂದು ಕೇಳುತ್ತಾಳೆ.

ಆ ಮೊದಲ ಪಾಠವನ್ನು ಪಾಠ ಹೇಳಿ ಬಲ್ಲವರೆಲ್ಲ ಓದಬೇಕು. ಎದುರಿಗೆ ಕುಲೀನ ಮನೆತನಗಳ ದೊಡ್ಡ ಹುಡುಗಿಯರು. ಹೊಸಬಳ ಮುರುಕು ಫ್ರೆಂಚ್ ಕೇಳಿ ನಗಲು ಕಾದು ಕುಳಿತವರು. ಲೂಸಿ ಮಾತಿನಲ್ಲಿ ಗೆಲ್ಲಲಾರಳು. ಮುಂದಾಳಾಗಿದ್ದ ಹುಡುಗಿಯ ಪ್ರಬಂಧವನ್ನು ಗಟ್ಟಿಯಾಗಿ ಓದಿ, ಎಲ್ಲರೆದುರು ಹರಿದುಹಾಕುತ್ತಾಳೆ. ಇನ್ನೂ ಗಲಾಟೆ ಮಾಡುತ್ತಿದ್ದ ಮತ್ತೊಬ್ಬಳನ್ನು ಪಕ್ಕದ ಚಿಕ್ಕ ಕೋಣೆಗೆ ನೂಕಿ ಬೀಗ ಹಾಕುತ್ತಾಳೆ. ಇಂದಿನ ಯಾವ ಶಾಲೆಯೂ ಒಪ್ಪದ ನಡವಳಿಕೆ ಇದು, ಒಪ್ಪಲೂ ಕೂಡದು. ಆದರೆ ಲೇಖಕಿ ಇಲ್ಲಿ ಒಂದು ಸತ್ಯವನ್ನು ಮುಚ್ಚಿಡದೆ ಹೇಳಿದ್ದಾಳೆ: ಪರದೇಶದಲ್ಲಿ ಶಿಕ್ಷಕಿಗೆ ಮೊದಲ ನೆಲೆ ದೊರಕುವುದು ಊರಿನಲ್ಲಲ್ಲ, ತರಗತಿಯಲ್ಲಿ. ಆ ದಿನದಿಂದ ಲೂಸಿ ರಾತ್ರಿಯೆಲ್ಲ ಕುಳಿತು ಭಾಷೆ ಕಲಿಯುತ್ತಾಳೆ. ಕಲಿಸಲೆಂದು ಕಲಿತ ಭಾಷೆಯೇ ಆಕೆಯ ಮೊದಲ ಆಸ್ತಿ.

ಕೃತಿಯ ದೊಡ್ಡ ದೋಷವೂ ಇದೇ ತರಗತಿಯಲ್ಲಿದೆ. ಆ ಹುಡುಗಿಯರಲ್ಲಿ ಒಬ್ಬಳಿಗೂ ಲೇಖಕಿ ಒಂದು ಅಂತರಂಗವನ್ನು ಕೊಡುವುದಿಲ್ಲ. ಅವರೆಲ್ಲ ಸುಳ್ಳು ಹೇಳಲು ಅಂಜದವರು, ದೇಹಪುಷ್ಟಿಯುಳ್ಳವರು, ಬುದ್ಧಿ ಮಂದವಾದವರು. ಕಾರಣ ಅವರು ಕಥೋಲಿಕರು! ಆ ದೇಶಕ್ಕೆ ಆಕೆ ಇಟ್ಟ ಲಬಾಸ್‌ಕೂರ್ ಎಂಬ ಹೆಸರಿಗೂ ಫ್ರೆಂಚಿನಲ್ಲಿ ಕೋಳಿ ಸಾಕುವ ಹಿತ್ತಲಂಗಳವೆಂಬ ಅರ್ಥ ಬರುತ್ತದೆ. ಕಾದಂಬರಿ ಬರೆಯುವ ಕಾಲದ ಬಿಸಿಯೂ ಇದಕ್ಕೆ ಸೇರಿಕೊಂಡಿರಬೇಕು: 1850ರಲ್ಲಿ ಒಂಬತ್ತನೆಯ ಭಕ್ತಿನಾಥ ಪೋಪರು ಇಂಗ್ಲೆಂಡಿನಲ್ಲಿ ಕಥೋಲಿಕ ಧರ್ಮಪ್ರಾಂತಗಳನ್ನು ಮರಳಿ ಸ್ಥಾಪಿಸಿದಾಗ ಅಲ್ಲಿ ಭಾರೀ ಕೋಲಾಹಲವೆದ್ದಿತ್ತು. ಆದರೂ ಕಾಲದ ಮೇಲೆ ಹೊಣೆ ಹಾಕಿ ಲೇಖಕಿಯನ್ನು ಬಿಟ್ಟುಬಿಡಲಾಗದು. ಪುಸ್ತಕ ಬಂದ ವರ್ಷವೇ, ಕಥೋಲಿಕ ಪಕ್ಷಪಾತ ಸ್ವಲ್ಪವೂ ಇಲ್ಲದ ಹ್ಯಾರಿಯೆಟ್ ಮಾರ್ಟಿನೊ ತನ್ನ ವಿಮರ್ಶೆಯಲ್ಲಿ ಈ ದ್ವೇಷವನ್ನು ಆಕ್ಷೇಪಿಸಿದ್ದಳು.

ಇಷ್ಟು ಹೇಳಿದ ಮೇಲೆ 'ದೀರ್ಘ ರಜೆ' ಎಂಬ ಅಧ್ಯಾಯಕ್ಕೆ ಬರಬೇಕು. ಶಾಲೆ ಮುಚ್ಚಿದೆ. ಎಲ್ಲರೂ ಅವರವರ ಮನೆಗಳಿಗೆ ಹೋಗಿದ್ದಾರೆ. ಹೋಗಲು ಮನೆಯಿಲ್ಲದ ಲೂಸಿ, ಬುದ್ಧಿ ಬೆಳೆಯದ ಒಬ್ಬ ವಿದ್ಯಾರ್ಥಿನಿಯ ಆರೈಕೆ ಮಾಡುತ್ತಾ ಖಾಲಿ ಕಟ್ಟಡದಲ್ಲಿ ಉಳಿಯುತ್ತಾಳೆ. ಆ ಹುಡುಗಿಯೂ ಹೋದ ಮೇಲೆ ಪೂರ್ತಿ ಒಂಟಿ. ಜ್ವರ, ನಿದ್ರೆಯಿಲ್ಲದ ರಾತ್ರಿಗಳು, ಸಾಲು ಹಾಸಿಗೆಗಳ ಮೌನ. ಗಲ್ಫ್ ದೇಶಗಳ ಶಾಲೆಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಶಿಕ್ಷಕಿಯರಿಗೆ ಈ ಪುಟಗಳನ್ನು ಯಾರೂ ವಿವರಿಸಬೇಕಾಗಿಲ್ಲ. ಕೆಲಸವಿರುವ ದಿನಗಳಲ್ಲಿ ಪರದೇಶ ಪರದೇಶವಾಗಿ ಕಾಡುವುದು ಕಡಿಮೆ. ರಜೆಯಲ್ಲೇ ಅದು ಎದುರು ಬಂದು ಕುಳಿತುಕೊಳ್ಳುತ್ತದೆ.

ಒಂದು ಸಂಜೆ ಮಳೆಯಲ್ಲಿ ಅಲೆಯುತ್ತಿರುವಾಗ ದೇವಾಲಯದ ಗಂಟೆ ಕೇಳಿ ಲೂಸಿ ಒಳಹೋಗುತ್ತಾಳೆ. ಪಾಪನಿವೇದನೆಗೆ ಕಾದವರ ನಡುವೆ ಮೊಣಕಾಲೂರುತ್ತಾಳೆ. ಸರದಿ ಬಂದಾಗ, ಗುರುಗಳೇ, ನಾನು ಪ್ರೊಟೆಸ್ಟೆಂಟಳು ಎಂದು ಮೊದಲೇ ತಿಳಿಸುತ್ತಾಳೆ. ಹೇಳಿಕೊಳ್ಳುವಂಥ ಪಾಪ ಆಕೆಯಲ್ಲಿರಲಿಲ್ಲ. ಒಬ್ಬ ಮನುಷ್ಯನ ಕಿವಿ ಬೇಕಿತ್ತು. ವೃದ್ಧ ಗುರು ಪೇರ್ ಸಿಲಾ ಗೊಂದಲಪಡುತ್ತಾರೆ, ಆದರೆ ಅಟ್ಟುವುದಿಲ್ಲ. ಕರುಣೆಯಿಂದ ಕೇಳಿ, ಮರುದಿನ ತಮ್ಮ ಮನೆಗೆ ಬರಹೇಳುತ್ತಾರೆ. ಆಕೆ ಹೋಗುವುದಿಲ್ಲ. ಆದರೆ ಅವರ ದಯೆಯನ್ನು ಮರೆಯುವುದೂ ಇಲ್ಲ.

ಇದು ಕಲ್ಪನೆಯಲ್ಲ. 1843ರ ಸೆಪ್ಟೆಂಬರ್ 1ರಂದು ಬ್ರಸೆಲ್ಸ್‌ನ ಸಂತ ಗುಡುಲಾ ದೇವಾಲಯದಲ್ಲಿ ಷಾರ್ಲಟ್ ತಾನೇ ಹೀಗೆ ಪಾಪನಿವೇದನೆ ಮಾಡಿದ್ದಳು. ಮರುದಿನ ಎಮಿಲಿಗೆ ಬರೆದ ಪತ್ರದಲ್ಲಿ ಅದನ್ನು ವಿವರಿಸಿ, ಅಪ್ಪನಿಗೆ ಹೇಳಬೇಡವೆಂದು ಬೇಡಿಕೊಂಡಿದ್ದಾಳೆ. ಹತ್ತು ವರ್ಷಗಳಲ್ಲಿ ತಮ್ಮ ಬ್ರಾನ್‌ವೆಲ್, ತಂಗಿಯರಾದ ಎಮಿಲಿ ಮತ್ತು ಆ್ಯನ್ ಮೂವರೂ ಮಣ್ಣು ಸೇರಿದ ಮೇಲೆ, ಆ ಸಂಜೆಯನ್ನು ಆಕೆ ಕಾದಂಬರಿಗೆ ತಂದಳು. ಧರ್ಮಸಭೆಯನ್ನು ಅಷ್ಟೊಂದು ಹಳಿದ ಲೇಖನಿ ಈ ಒಂದು ಕಡೆ ಮಾತ್ರ ಮೃದುವಾಗುತ್ತದೆ. ಪಾಪನಿವೇದನೆಯ ಕುರಿತು ನಮ್ಮವರೇ ಬರೆದ ಎಷ್ಟೋ ಉಪದೇಶಗಳಿಗಿಂತ ಈ ಪರಕೀಯಳ ಪುಟಗಳು ನನ್ನನ್ನು ಹೆಚ್ಚು ಅಲುಗಿಸಿವೆ.

ಹಾಗಾದರೆ ಆಕೆಯ ತಿರಸ್ಕಾರವನ್ನು ಹೇಗೆ ಅರ್ಥಮಾಡಿಕೊಳ್ಳುವುದು? ಊರಿನಲ್ಲಿದ್ದಾಗ ವಿಶ್ವಾಸವು ಗಾಳಿಯಂತೆ ಗಮನಕ್ಕೆ ಬಾರದೆ ಇರುತ್ತದೆ. ಪರದೇಶದಲ್ಲಿ ಅದೇ ಮನೆಯಾಗುತ್ತದೆ, ಕೆಲವೊಮ್ಮೆ ಗೋಡೆಯೂ ಆಗುತ್ತದೆ. ಸಂಜೆ ಸಂತರ ಚರಿತ್ರೆ ಓದುವಾಗ ಲೂಸಿ ಸಿಡಿಮಿಡಿಗೊಳ್ಳುವುದರಲ್ಲಿ ಸಿದ್ಧಾಂತಕ್ಕಿಂತ ಮನೆಯ ಹಂಬಲವೇ ಹೆಚ್ಚೆಂದು ನನಗನ್ನಿಸುತ್ತದೆ. ಎಲ್ಲರ ಪಾಲಿಗೂ ಗೋಡೆ ಹಾಗೇ ಉಳಿಯುತ್ತಿರಲಿಲ್ಲ ಎಂಬುದಕ್ಕೆ ನಮ್ಮಲ್ಲೇ ಒಂದು ಉದಾಹರಣೆಯಿದೆ. ಷಾರ್ಲಟಳ ಓರಗೆಯವಳಾದ, ಆಂಗ್ಲಿಕನ್ ಪಾದ್ರಿಯ ಮಗಳೇ ಆದ ಸೋಫಿ ಲೀವ್ಸ್ ಕಥೋಲಿಕಳಾಗಿ, ಮದರ್ ವೆರೋನಿಕಾ ಎಂಬ ಹೆಸರಿನಿಂದ ಅಪೋಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. 1870ರಲ್ಲಿ ಮಂಗಳೂರಿಗೆ ಬಂದಿಳಿದ ಆ ಸಭೆಯ ಭಗಿನಿಯರೂ ಭಾಷೆ ಬಾರದ ಊರಿನಲ್ಲಿ ಹೆಣ್ಣುಮಕ್ಕಳ ಮುಂದೆ ನಿಂತ ಶಿಕ್ಷಕಿಯರೇ.

ಕಾದಂಬರಿಯ ಕಥೋಲಿಕ ಅಧ್ಯಾಪಕ ಪೌಲ್ ಎಮಾನ್ಯುಯೆಲ್ ಸಿಡುಕ, ಹಟಮಾರಿ, ಕದ್ದು ನೋಡುವ ಸ್ವಭಾವದವನು. ಆದರೂ ಪುಸ್ತಕದ ಅತ್ಯಂತ ಪ್ರೀತಿಪಾತ್ರ ಮನುಷ್ಯ. ಲೂಸಿಯನ್ನು ತನ್ನ ಮತಕ್ಕೆ ಒಲಿಸಿಕೊಳ್ಳಲು ಅವಳ ಮೇಜಿನಲ್ಲಿ ಕಿರುಹೊತ್ತಗೆ ಇಟ್ಟವನೇ, ಕೊನೆಗೆ ನೀನು ನಿನ್ನ ವಿಶ್ವಾಸದಲ್ಲೇ ಇರು ಎನ್ನುತ್ತಾನೆ. ಸಾಗರದಾಚೆಗೆ ಹೊರಡುವ ಮುನ್ನ ಅವಳಿಗಾಗಿ ಊರಂಚಿನಲ್ಲಿ ಒಂದು ಪುಟ್ಟ ಮನೆ ಗೊತ್ತುಮಾಡಿ, ಬೆಂಚು, ಮೇಜು, ಕಪ್ಪುಹಲಗೆಗಳನ್ನು ಅಣಿಗೊಳಿಸಿ, ಬೀಗದ ಕೈ ಕೊಟ್ಟು ಹೋಗುತ್ತಾನೆ. ಬ್ರಾಂಟೆ ಸೋದರಿಯರು ಹಾವರ್ತ್‌ನಲ್ಲಿ ತೆರೆಯಬೇಕೆಂದಿದ್ದ ಶಾಲೆಗೆ ಒಬ್ಬ ವಿದ್ಯಾರ್ಥಿನಿಯೂ ಸೇರಿರಲಿಲ್ಲ. ಲೂಸಿಯ ಶಾಲೆ ಮಾತ್ರ ಬೆಳೆಯುತ್ತದೆ, ಹಗಲುಶಾಲೆ ವಸತಿಶಾಲೆಯಾಗುತ್ತದೆ. ಪೌಲ್ ಇಲ್ಲದ ಆ ಮೂರು ವರ್ಷಗಳೇ ತನ್ನ ಬಾಳಿನ ಅತ್ಯಂತ ಸುಖದ ವರ್ಷಗಳೆಂದು ಅವಳು ಹೇಳಿಕೊಳ್ಳುತ್ತಾಳೆ. ಪ್ರೇಮಕಥೆಯಷ್ಟೇ ಆಗಿದ್ದರೆ ಈ ಮಾತು ಬರುತ್ತಿತ್ತೇ?

ಮೂರು ವರ್ಷಗಳ ಬಳಿಕ ಅವನು ಮರಳುವ ಹೊತ್ತಿಗೆ ಸಮುದ್ರದಲ್ಲಿ ಏಳು ದಿನ ಬಿರುಗಾಳಿ. ಹಡಗು ಮುಳುಗಿತೆಂದು ಲೇಖಕಿ ಬಾಯಿಬಿಟ್ಟು ಹೇಳುವುದಿಲ್ಲ; ಸುಖಾಂತ್ಯ ಬೇಕೆಂದಿದ್ದ ತನ್ನ ವೃದ್ಧ ತಂದೆಗಾಗಿ ಹಾಗೆ ಮಬ್ಬಾಗಿ ಬರೆದಳೆಂದು ಆಕೆಯ ಜೀವನಚರಿತ್ರೆ ಬರೆದ ಎಲಿಜಬೆತ್ ಗ್ಯಾಸ್ಕೆಲ್ ತಿಳಿಸಿದ್ದಾಳೆ. ಕೊನೆಯ ಸಾಲುಗಳಲ್ಲಿ ಮದಾಂ ಬೆಕ್, ಪೇರ್ ಸಿಲಾ, ಪೌಲನ ದುಡಿಮೆಯ ಮೇಲೆ ಬದುಕುತ್ತಿದ್ದ ಒಬ್ಬ ಮುದುಕಿ, ಈ ಮೂವರೂ ಸುಖವಾಗಿ ಬಾಳಿದರೆಂಬ ವರದಿಯಷ್ಟೇ ಇದೆ. ಊರಂಚಿನ ಆ ಶಾಲೆ ಏನಾಯಿತೆಂಬುದನ್ನು ಲೂಸಿ ತಿಳಿಸುವುದಿಲ್ಲ. ಆದರೆ ತಲೆ ನರೆತ ಮೇಲೆ ಈ ಕಥೆ ಹೇಳುತ್ತಿರುವ ಅವಳು ಇಂಗ್ಲೆಂಡಿಗೆ ಮರಳಿದೆನೆಂದು ಎಲ್ಲಿಯೂ ಹೇಳಿಲ್ಲ.